ದುರಂತವನ್ನು ಕಣ್ಣಾರೆ ಕಂಡವರ ಮನಃಕ್ಲೇಶ ಮತ್ತು ವ್ಯಕ್ತಿಯ ಸ್ವಭಾವ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

2010ರ ಮೇ 22ರ ಶನಿವಾರ ಬೆಳಗ್ಗೆ ಸುಮಾರು 6 ಗಂಟೆಗೆ ದುಬೈಯಿಂದ ಮಂಗಳೂರಿಗೆ ಆಗಮಿಸಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ವಿಮಾನವು ಬಜ್ಪೆಯಲ್ಲಿರುವ ವಿಮಾನ ನಿಲ್ದಾಣದ ರನ್‌ವೇಯನ್ನು ದಾಟಿ, ಕೆಂಜಾರು ಭಾಗದ ಕಣಿವೆಗೆ ಉರುಳಿ ಬೆಂಕಿಗೆ ಆಹುತಿಯಾಯಿತು. ವಿಮಾನದಲ್ಲಿದ್ದ 166 ಜನರ ಪೈಕಿ 158 ಜನರು ಮೃತಪಟ್ಟರು. 8 ಮಂದಿ ಪ್ರಯಾಣಿಕರು ಮಾತ್ರ ಬದುಕುಳಿದರು.

ಇಂತಹ ಘಟನೆಯ ನಂತರ ಹಲವು ಪಟ್ಟಿಗಳು ಸಿದ್ಧವಾಗುತ್ತವೆ. ಮೃತರ ಪಟ್ಟಿ, ಗಾಯಾಳುಗಳ ಪಟ್ಟಿ, ವಾರಸುದಾರರ ಪಟ್ಟಿ, ಪರಿಹಾರ ಪಡೆದವರ ಪಟ್ಟಿ ಇತ್ಯಾದಿ. ವಿಮಾನಯಾನಕ್ಕೆ ಸಂಬಂಧಿಸಿದ 1999ರ ಮಾಂಟ್ರಿಯಲ್ ಒಪ್ಪಂದವನ್ನು ಭಾರತವು 2009ರಲ್ಲಿ ಒಪ್ಪಿಕೊಂಡಿದ್ದು, ಅದರಲ್ಲಿಯೂ ಪರಿಹಾರದ ಹೊಣೆಯನ್ನು ಹೇಳಿರುವುದು ಪ್ರಯಾಣಿಕರ ಸಾವು ಮತ್ತು ಗಾಯಗಳ ಬಗ್ಗೆ. ಆದರೆ ಯಾವ ಪಟ್ಟಿಯಲ್ಲಿಯೂ ಹೆಸರು ಕಾಣದ ಒಂದು ವರ್ಗವಿದೆ. ಹೊಗೆಯನ್ನು ಕಂಡು ಮನೆಯಿಂದ ಕಣಿವೆಗೆ ಓಡಿದ ಗ್ರಾಮಸ್ಥರು, ಅಗ್ನಿಶಾಮಕ ಹಾಗೂ ಪೊಲೀಸ್ ಸಿಬ್ಬಂದಿ, ಆಂಬ್ಯುಲೆನ್ಸ್ ಚಾಲಕರು, ಶವಾಗಾರದ ನೌಕರರು, ಗುರುತು ಹಚ್ಚಲು ಬಂದ ಬಂಧುಗಳ ಜೊತೆಗೆ ನಿಂತ ನೆರೆಹೊರೆಯವರು ಈ ವರ್ಗಕ್ಕೆ ಸೇರುತ್ತಾರೆ. ಇವರ ಮೈಮೇಲೆ ಗಾಯವಿರುವುದಿಲ್ಲ. ಕಂಡ ದೃಶ್ಯ ಮಾತ್ರ ಮನಸ್ಸಿನಲ್ಲಿ ಉಳಿದಿರುತ್ತದೆ.

ಹೀಗೆ ಕಂಡವರಲ್ಲಿ ಕೆಲವರು ಕೆಲವೇ ದಿನಗಳಲ್ಲಿ ಮೊದಲಿನಂತಾಗುತ್ತಾರೆ. ಕೆಲವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ನರಳುತ್ತಾರೆ. ಒಂದೇ ದೃಶ್ಯವನ್ನು ಕಂಡ ಇಬ್ಬರಲ್ಲಿ ಈ ವ್ಯತ್ಯಾಸ ಏಕೆ ಎಂಬ ಪ್ರಶ್ನೆಗೆ ಜನರು ಸಾಮಾನ್ಯವಾಗಿ ಕೊಡುವ ಉತ್ತರ “ಅವರವರ ಸ್ವಭಾವ” ಎಂಬುದು. ಈ ಉತ್ತರದಲ್ಲಿ ಎಷ್ಟು ಸತ್ಯವಿದೆ, ಎಲ್ಲಿ ತಪ್ಪಿದೆ, ನೆರವು ಬೇಕಾದವರು ಏನು ಮಾಡಬೇಕು ಎಂಬುದನ್ನು ನಾಗರಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ‘ಕಂಡವರು’ ಎಂದರೆ ಯಾರು?

ವೈದ್ಯಕೀಯ ವರ್ಗೀಕರಣದಲ್ಲಿ ದುರಂತಕ್ಕೆ ಒಡ್ಡಿಕೊಂಡವರು ಎಂದರೆ ಪೆಟ್ಟು ತಿಂದವರು ಮಾತ್ರ ಎಂಬ ಅರ್ಥವಿಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಪ್ರಕಾರ ಈ ಕೆಳಕಂಡವರೂ ಇದರಲ್ಲಿ ಸೇರುತ್ತಾರೆ.

(ಅ) ಇತರರ ಸಾವು ಅಥವಾ ತೀವ್ರ ಗಾಯವನ್ನು ಸ್ಥಳದಲ್ಲಿಯೇ ಕಣ್ಣಾರೆ ಕಂಡವರು.
(ಆ) ಹತ್ತಿರದ ಬಂಧು ಅಥವಾ ಸ್ನೇಹಿತರು ಅಪಘಾತದಲ್ಲಿ ಅಥವಾ ಹಿಂಸೆಯಲ್ಲಿ ಮೃತಪಟ್ಟ ಸುದ್ದಿಯನ್ನು ಕೇಳಿದವರು.
(ಇ) ಕರ್ತವ್ಯದ ಭಾಗವಾಗಿ ಮೃತದೇಹಗಳ ಅವಶೇಷಗಳನ್ನು ಸಂಗ್ರಹಿಸುವುದು ಮುಂತಾದ ಕೆಲಸದಲ್ಲಿ ಪದೇ ಪದೇ ತೊಡಗಿದವರು.

ಮಂಗಳೂರಿನ ಅಪಘಾತದಲ್ಲಿ ಈ ಮೂರೂ ಬಗೆಯ ಜನರಿದ್ದರು. ಮೃತದೇಹಗಳು ಸುಟ್ಟು ಹೋಗಿದ್ದುದರಿಂದ ಗುರುತಿಸುವಿಕೆ ಅತ್ಯಂತ ಕಷ್ಟದ ಕಾರ್ಯವಾಯಿತು. ಬಂಧುಗಳು ಉಂಗುರ, ಕೈಗಡಿಯಾರ, ಬಟ್ಟೆಯ ತುಂಡು ಇವುಗಳನ್ನು ನೋಡಿ ತಮ್ಮವರನ್ನು ಹುಡುಕಬೇಕಾಯಿತು. ಗುರುತು ಸಿಗದ ದೇಹಗಳ ಮಾದರಿಗಳನ್ನು ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಿಎನ್ಎ ಪರೀಕ್ಷೆಗೆ ಒಳಪಡಿಸಲಾಯಿತು. ಕೊನೆಗೂ ಗುರುತಿಸಲಾಗದ 12 ದೇಹಗಳ ಅಂತ್ಯಕ್ರಿಯೆಯನ್ನು ಜಿಲ್ಲಾಡಳಿತವೇ ನೆರವೇರಿಸಿತು. ಈ ಎಲ್ಲ ಹಂತಗಳಲ್ಲಿಯೂ ಕೆಲಸ ಮಾಡಿದವರು ಮನುಷ್ಯರೇ ಎಂಬುದು ಕಡತದಲ್ಲಿ ಕಾಣುವುದಿಲ್ಲ.

3. ದುರಂತವನ್ನು ಕಂಡ ನಂತರ ಸಾಮಾನ್ಯವಾಗಿ ಉಂಟಾಗುವ ಲಕ್ಷಣಗಳು

ಮೊದಲ ಕೆಲವು ದಿನಗಳಲ್ಲಿ ಈ ಕೆಳಕಂಡ ಲಕ್ಷಣಗಳು ಬಹಳ ಮಂದಿಯಲ್ಲಿ ಕಂಡುಬರುತ್ತವೆ. ಇವು ಅಸಹಜ ಘಟನೆಗೆ ಮನಸ್ಸು ತೋರುವ ಸಹಜ ಪ್ರತಿಕ್ರಿಯೆಗಳಾಗಿರುತ್ತವೆ.

• ಕಂಡ ದೃಶ್ಯವು ಬೇಡವೆಂದರೂ ಕಣ್ಣೆದುರು ಬರುವುದು, ದುಃಸ್ವಪ್ನಗಳು.
• ಸ್ಥಳ, ವಾಸನೆ, ಶಬ್ದಗಳನ್ನು ತಪ್ಪಿಸಿಕೊಳ್ಳುವುದು. ಉದಾಹರಣೆಗೆ, ವಿಮಾನದ ಸದ್ದು ಕೇಳಿದಾಗ ಬಾಗಿಲು ಮುಚ್ಚಿಕೊಳ್ಳುವುದು, ಸುಟ್ಟ ವಾಸನೆ ಬಂದಾಗ ಅಡುಗೆಮನೆಯಿಂದ ಹೊರಗೆ ಹೋಗುವುದು.
• ಸಣ್ಣ ಸದ್ದಿಗೂ ಬೆಚ್ಚಿ ಬೀಳುವುದು, ನಿದ್ರೆ ಬಾರದಿರುವುದು, ಸಿಡುಕು.
• “ಇನ್ನೂ ಸ್ವಲ್ಪ ಬೇಗ ಹೋಗಿದ್ದರೆ ಒಬ್ಬರನ್ನಾದರೂ ಉಳಿಸಬಹುದಿತ್ತು” ಎಂಬ ಅಪರಾಧಿ ಭಾವ.
• ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಮನಸ್ಸು ಮರಗಟ್ಟಿದಂತಾಗುವುದು.

ಹೆಚ್ಚಿನವರಲ್ಲಿ ಈ ಲಕ್ಷಣಗಳು ವಾರಗಳು ಕಳೆದಂತೆ ಕಡಿಮೆಯಾಗುತ್ತವೆ. ಒಂದು ತಿಂಗಳು ಮೀರಿದ ನಂತರವೂ ಇವು ತೀವ್ರವಾಗಿ ಉಳಿದು, ಕೆಲಸ ಮತ್ತು ಸಂಸಾರಕ್ಕೆ ಅಡ್ಡಿಯಾಗುತ್ತಿದ್ದಲ್ಲಿ ಅದನ್ನು ‘ಆಘಾತೋತ್ತರ ಒತ್ತಡದ ಕಾಯಿಲೆ’ ಇರಬಹುದೆಂದು ವೈದ್ಯರು ಪರಿಶೀಲಿಸುತ್ತಾರೆ. ಖಿನ್ನತೆ, ಆತಂಕದ ಕಾಯಿಲೆ ಮತ್ತು ಮದ್ಯಪಾನದ ಚಟವೂ ಇದರೊಂದಿಗೆ ಸೇರಿಕೊಳ್ಳಬಹುದು. ದೃಶ್ಯವನ್ನು ಮರೆಯಲೆಂದು ಸಂಜೆ ಕುಡಿಯಲು ಆರಂಭಿಸಿದವರು ಕೊನೆಗೆ ಎರಡು ತೊಂದರೆಗಳನ್ನು ಒಟ್ಟಿಗೆ ಹೊರಬೇಕಾಗುತ್ತದೆ.

4. ಸ್ವಭಾವ ಎಂದರೇನು?

ಮನಃಶಾಸ್ತ್ರದಲ್ಲಿ ವ್ಯಕ್ತಿಯ ಸ್ವಭಾವವನ್ನು ಐದು ಮುಖ್ಯ ಗುಣಗಳ ಮೂಲಕ ಅಳೆಯುವ ಪದ್ಧತಿ ಬಳಕೆಯಲ್ಲಿದೆ. ಅವು ಯಾವುವೆಂದರೆ:

(1) ಆತಂಕಶೀಲತೆ: ಚಿಂತೆ, ಭಯ, ದುಃಖಗಳು ಬೇಗನೆ ಮತ್ತು ಗಾಢವಾಗಿ ತಟ್ಟುವ ಗುಣ.
(2) ಬಹಿರ್ಮುಖತೆ: ಜನರೊಡನೆ ಬೆರೆಯುವ, ಮಾತನಾಡುವ ಗುಣ.
(3) ಹೊಸತನ್ನು ಸ್ವೀಕರಿಸುವ ಗುಣ.
(4) ಇತರರೊಡನೆ ಹೊಂದಿಕೊಳ್ಳುವ, ಮರುಗುವ ಗುಣ.
(5) ಶಿಸ್ತು ಮತ್ತು ಕರ್ತವ್ಯನಿಷ್ಠೆ.

ಈ ಐದು ಗುಣಗಳು ಪ್ರತಿಯೊಬ್ಬರಲ್ಲಿಯೂ ಇರುತ್ತವೆ; ಪ್ರಮಾಣ ಮಾತ್ರ ಬೇರೆ ಬೇರೆ. ಎತ್ತರ, ಮೈಬಣ್ಣಗಳಂತೆ ಇವೂ ಭಾಗಶಃ ಹುಟ್ಟಿನಿಂದ ಬಂದವು, ಉಳಿದದ್ದು ಬೆಳೆದ ಪರಿಸರದಿಂದ ಬಂದದ್ದು. ಆತಂಕಶೀಲತೆ ಹೆಚ್ಚಿರುವುದು ಕಾಯಿಲೆಯಲ್ಲ, ದೋಷವೂ ಅಲ್ಲ. ಮಗುವಿನ ಜ್ವರವನ್ನು ಮೊದಲು ಗಮನಿಸುವವರು, ರಾತ್ರಿ ಅನಿಲದ ಸಿಲಿಂಡರ್ ಮುಚ್ಚಿದೆಯೇ ಎಂದು ಎದ್ದು ನೋಡುವವರು ಸಾಮಾನ್ಯವಾಗಿ ಇವರೇ.

5. ಸಂಶೋಧನೆಗಳು ಏನು ಹೇಳುತ್ತವೆ?

ದುರಂತದ ನಂತರದ ಮನಃಕ್ಲೇಶಕ್ಕೂ ಸ್ವಭಾವಕ್ಕೂ ಸಂಬಂಧವಿದೆಯೆಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಇವುಗಳಲ್ಲಿ ಎರಡನ್ನು ಇಲ್ಲಿ ಪ್ರಸ್ತಾಪಿಸಲಾಗಿದೆ.

ಮೊದಲನೆಯದು ಆಸ್ಟ್ರೇಲಿಯಾದ್ದು. 1983ರ ಫೆಬ್ರವರಿ ತಿಂಗಳಲ್ಲಿ ಅಲ್ಲಿನ ಆಗ್ನೇಯ ಭಾಗದಲ್ಲಿ ಭೀಕರ ಕಾಡ್ಗಿಚ್ಚು ಸಂಭವಿಸಿತು. ಬೆಂಕಿ ನಂದಿಸಿದ 469 ಸ್ವಯಂಸೇವಕರನ್ನು ಮನೋವೈದ್ಯ ಅಲೆಕ್ಸಾಂಡರ್ ಮ್ಯಾಕ್‌ಫಾರ್ಲೇನ್ ಅವರು ಮುಂದಿನ ವರ್ಷಗಳಲ್ಲಿ ಅಧ್ಯಯನ ಮಾಡಿದರು. ಬೆಂಕಿಯ ಅಪಾಯಕ್ಕೆ ಯಾರು ಎಷ್ಟು ಒಡ್ಡಿಕೊಂಡಿದ್ದರು ಎಂಬುದಕ್ಕಿಂತಲೂ ಆತಂಕಶೀಲ ಸ್ವಭಾವ ಮತ್ತು ಹಿಂದೆ ಮಾನಸಿಕ ತೊಂದರೆಗಾಗಿ ಚಿಕಿತ್ಸೆ ಪಡೆದಿದ್ದುದು ದೀರ್ಘಕಾಲದ ಮನಃಕ್ಲೇಶವನ್ನು ಹೆಚ್ಚು ಚೆನ್ನಾಗಿ ಸೂಚಿಸುತ್ತಿದ್ದವು ಎಂದು ಅವರು 1989ರಲ್ಲಿ ವರದಿ ಮಾಡಿದರು.

ಎರಡನೆಯದು ಅಮೆರಿಕದ್ದು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೂಸನ್ ನೋಲೆನ್-ಹೋಕ್ಸಿಮಾ ಅವರು ವಿದ್ಯಾರ್ಥಿಗಳ ಮನಃಸ್ಥಿತಿಯನ್ನೂ, ದುಃಖ ಬಂದಾಗ ಅವರು ನಡೆದುಕೊಳ್ಳುವ ರೀತಿಯನ್ನೂ ಪ್ರಶ್ನಾವಳಿಯ ಮೂಲಕ ಅಳೆದಿದ್ದರು. ಅದಾದ 14 ದಿನಗಳಲ್ಲಿ, ಅಂದರೆ 1989ರ ಅಕ್ಟೋಬರ್ 17ರಂದು, ಆ ಭಾಗದಲ್ಲಿ ದೊಡ್ಡ ಭೂಕಂಪವಾಯಿತು. ಅದೇ ವಿದ್ಯಾರ್ಥಿಗಳನ್ನು 10 ದಿನಗಳ ನಂತರ ಮತ್ತು 7 ವಾರಗಳ ನಂತರ ಪುನಃ ಪರೀಕ್ಷಿಸಿದಾಗ, ದುಃಖವನ್ನು ಒಳಗೊಳಗೇ ಮೆಲುಕು ಹಾಕುವ ಅಭ್ಯಾಸ ಮೊದಲೇ ಇದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿದ್ದವು.

ಈ ಎರಡನೆಯ ಅಧ್ಯಯನಕ್ಕೆ ವಿಶೇಷ ಮಹತ್ವವಿದೆ. ಸಾಮಾನ್ಯವಾಗಿ ದುರಂತ ಸಂಭವಿಸಿದ ನಂತರವೇ ಜನರ ಸ್ವಭಾವವನ್ನು ಅಳೆಯಲಾಗುತ್ತದೆ. ಆಗ ನಿದ್ರೆಯಿಲ್ಲದೆ ನರಳುತ್ತಿರುವ ವ್ಯಕ್ತಿಯು “ಹೌದು, ನಾನು ಚಿಂತೆ ಮಾಡುವವನು” ಎಂದೇ ಉತ್ತರಿಸುತ್ತಾನೆ. ಆ ಉತ್ತರ ಅವನ ಹುಟ್ಟು ಸ್ವಭಾವವನ್ನು ಹೇಳುತ್ತದೆಯೋ, ಇಂದಿನ ನೋವನ್ನು ಹೇಳುತ್ತದೆಯೋ ಎಂದು ಬೇರ್ಪಡಿಸುವುದು ಕಷ್ಟ. ಘಟನೆಗೆ ಮೊದಲೇ ಅಳತೆ ದೊರೆತಲ್ಲಿ ಮಾತ್ರ ಈ ಗೊಂದಲ ಕಡಿಮೆಯಾಗುತ್ತದೆ. ಮನೆಯವರೂ ಈ ಅಂಶವನ್ನು ಗಮನದಲ್ಲಿಡತಕ್ಕದ್ದು. ದುರಂತದ ನಂತರ ಬದಲಾದ ವ್ಯಕ್ತಿಯನ್ನು “ಇವನು ಮೊದಲಿನಿಂದಲೂ ಹೀಗೆಯೇ” ಎಂದು ತೀರ್ಮಾನಿಸುವುದು ಸರಿಯಲ್ಲ.

6. ಸ್ವಭಾವವೊಂದೇ ಕಾರಣವಲ್ಲ

ಮೇಲ್ಕಂಡ ಅಧ್ಯಯನಗಳನ್ನು ಓದಿದವರು “ಹಾಗಾದರೆ ಗಟ್ಟಿ ಮನಸ್ಸಿನವರಿಗೆ ಏನೂ ಆಗುವುದಿಲ್ಲ, ಪುಕ್ಕಲು ಮನಸ್ಸಿನವರಿಗೆ ಮಾತ್ರ ತೊಂದರೆ” ಎಂಬ ನಿರ್ಧಾರಕ್ಕೆ ಬರಬಾರದು. ಹೀಗೆ ತಿಳಿಯುವುದು ಎರಡು ರೀತಿಯಲ್ಲಿ ಹಾನಿಕರ.

ಮೊದಲನೆಯದಾಗಿ, ಮನಃಕ್ಲೇಶಕ್ಕೆ ಹಲವು ಕಾರಣಗಳು ಕೂಡಿಕೊಳ್ಳುತ್ತವೆ. ಕಂಡ ದೃಶ್ಯದ ತೀವ್ರತೆ, ಎಷ್ಟು ಹೊತ್ತು ಅಲ್ಲಿದ್ದರು ಎಂಬುದು, ಮೃತರಲ್ಲಿ ಪರಿಚಿತರು ಅಥವಾ ಮಕ್ಕಳು ಇದ್ದರೇ ಎಂಬುದು, ಹಿಂದೆ ಅನುಭವಿಸಿದ ಸಾವುನೋವು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಘಟನೆಯ ನಂತರ ಜೊತೆಗೆ ನಿಲ್ಲುವ ಜನರಿದ್ದರೇ ಎಂಬುದು ಬಹಳ ಮುಖ್ಯವಾದ ಅಂಶ. ಆಸರೆಯ ಕೊರತೆಯು ತೊಂದರೆಯನ್ನು ಹೆಚ್ಚಿಸುತ್ತದೆ ಎಂಬುದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಸ್ಪಷ್ಟವಾಗಿದೆ. ಸ್ವಭಾವವನ್ನು ಒಂದೆರಡು ವಾರಗಳಲ್ಲಿ ಬದಲಿಸಲು ಯಾರಿಂದಲೂ ಸಾಧ್ಯವಿಲ್ಲ. ಆಸರೆಯನ್ನು ಇಂದೇ ಒದಗಿಸಬಹುದು.

ಎರಡನೆಯದಾಗಿ, ‘ಗಟ್ಟಿ ಮನಸ್ಸು’ ಎಂಬ ಹೆಸರು ಪಡೆದವರೇ ನೆರವಿನಿಂದ ದೂರ ಉಳಿಯುವ ಅಪಾಯವಿರುತ್ತದೆ. ಉದಾಹರಣೆಗೆ, ಶವಾಗಾರದಲ್ಲಿ ಹತ್ತಾರು ವರ್ಷ ಕೆಲಸ ಮಾಡಿದ ನೌಕರನಿಗೆ “ನಿನಗೆ ಇದೆಲ್ಲ ಅಭ್ಯಾಸ” ಎನ್ನಲಾಗುತ್ತದೆ. ದಿನಕ್ಕೊಂದು ದೇಹವನ್ನು ನೋಡುವ ಅಭ್ಯಾಸವು ಒಂದೇ ದಿನ ನೂರಾರು ದೇಹಗಳನ್ನು, ಅವುಗಳ ಮುಂದೆ ನಿಂತ ತಾಯಂದಿರನ್ನು ನೋಡುವುದಕ್ಕೆ ಸಾಲುವುದಿಲ್ಲ. ಅಂತಹ ನೌಕರನು ನಿದ್ರೆ ಕಳೆದುಕೊಂಡರೆ ಯಾರಿಗೂ ಹೇಳದೆ, ರಜೆಯ ಅರ್ಜಿಯಲ್ಲಿ ‘ಜ್ವರ’ ಎಂದು ಬರೆಯುವ ಸಾಧ್ಯತೆಯೇ ಹೆಚ್ಚು.

ಆದುದರಿಂದ ಸ್ವಭಾವದ ಬಗೆಗಿನ ತಿಳಿವಳಿಕೆಯನ್ನು ಯಾರ ಕಡೆಗೆ ಬೇಗ ಮತ್ತು ಹೆಚ್ಚು ಗಮನ ಕೊಡಬೇಕು ಎಂಬುದಕ್ಕಾಗಿ ಮಾತ್ರ ಬಳಸತಕ್ಕದ್ದು. ಯಾರನ್ನೂ ದೂಷಿಸಲು ಅಥವಾ ಯಾರಿಗೂ ನೆರವು ನಿರಾಕರಿಸಲು ಅದು ಆಧಾರವಾಗಬಾರದು.

7. ಸ್ವಭಾವಕ್ಕೆ ತಕ್ಕಂತೆ ಗಮನಿಸಬೇಕಾದ ಅಂಶಗಳು

ಚಿಂತಿಸುವ ಸ್ವಭಾವದವರು: ಇವರಿಗೆ “ಚಿಂತಿಸಬೇಡ” ಎಂದು ಹೇಳುವುದರಿಂದ ಪ್ರಯೋಜನವಿಲ್ಲ. ದಿನಚರಿಯನ್ನು ಕಾಪಾಡುವುದು, ಹೊತ್ತಿಗೆ ಸರಿಯಾಗಿ ಊಟ, ಕೈಗೆ ಸಣ್ಣ ಕೆಲಸ, ನಡಿಗೆ ಇವು ಮೆಲುಕು ಹಾಕುವಿಕೆಗೆ ತಡೆಯೊಡ್ಡುತ್ತವೆ. ಸುದ್ದಿವಾಹಿನಿ ಮತ್ತು ಮೊಬೈಲ್ ದೃಶ್ಯಗಳನ್ನು ಇವರು ಮಿತಿಯಲ್ಲಿಡಬೇಕು. 2013ರಲ್ಲಿ ಅಮೆರಿಕದ ಬೋಸ್ಟನ್ ನಗರದ ಓಟದ ಸ್ಪರ್ಧೆಯಲ್ಲಿ ಬಾಂಬ್ ಸ್ಫೋಟವಾದಾಗ, ನಂತರದ ವಾರದಲ್ಲಿ ದಿನಕ್ಕೆ 6 ಗಂಟೆ ಅಥವಾ ಹೆಚ್ಚು ಕಾಲ ಅದರ ಸುದ್ದಿಯನ್ನು ನೋಡುತ್ತಿದ್ದವರಲ್ಲಿ, ಸ್ಥಳದಲ್ಲಿದ್ದವರಿಗಿಂತಲೂ ಹೆಚ್ಚು ತೀವ್ರ ಒತ್ತಡದ ಲಕ್ಷಣಗಳು ವರದಿಯಾದವು.

ಮಿತಭಾಷಿಗಳು: ಇವರನ್ನು ಒತ್ತಾಯಿಸಿ ಮಾತನಾಡಿಸಬಾರದು. ದುರಂತವಾದ ಕೂಡಲೇ ಎಲ್ಲರನ್ನೂ ಕೂರಿಸಿ ಕಂಡದ್ದನ್ನೆಲ್ಲ ಒಂದೇ ಬಾರಿ ಹೇಳಿಸುವ ಪದ್ಧತಿ ಹಿಂದೆ ಹಲವೆಡೆ ಇತ್ತು. ಅದರಿಂದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ನಂತರದ ಪರಿಶೀಲನೆಗಳು ತೋರಿಸಿದ್ದರಿಂದ ಅದನ್ನು ಈಗ ಶಿಫಾರಸು ಮಾಡುವುದಿಲ್ಲ. ಜೊತೆಗೆ ಕುಳಿತು ಚಹಾ ಕುಡಿಯುವುದೂ ನೆರವೇ. ಮಾತು ತಾನಾಗಿ ಬಂದಾಗ ಕೇಳಿಸಿಕೊಂಡರೆ ಸಾಕು.

ಕರ್ತವ್ಯನಿಷ್ಠರು: ಪೊಲೀಸ್, ಅಗ್ನಿಶಾಮಕ, ಆಸ್ಪತ್ರೆ ಮತ್ತು ಕಂದಾಯ ಸಿಬ್ಬಂದಿಯಲ್ಲಿ ಈ ಗುಣವುಳ್ಳವರು ಹೆಚ್ಚು. ಇವರು ಕೆಲಸ ಮುಗಿಯುವವರೆಗೆ ಸ್ಥಿರವಾಗಿರುತ್ತಾರೆ, ಕಡತ ಮುಚ್ಚಿದ ನಂತರ ಕುಸಿಯಬಹುದು. ಆದ್ದರಿಂದ ಮೇಲಧಿಕಾರಿಗಳು ಮೊದಲ ವಾರ ಮಾತ್ರವಲ್ಲದೆ ಮೂರನೆಯ, ಆರನೆಯ ತಿಂಗಳಿನಲ್ಲಿಯೂ ವಿಚಾರಿಸುವುದು ಅಗತ್ಯ.

ಜನರೊಡನೆ ಬೆರೆಯುವವರು: ಇವರಿಗೆ ಆಸರೆ ಸುಲಭವಾಗಿ ಸಿಗುತ್ತದೆ. ಆದರೆ ಎಲ್ಲರನ್ನೂ ಸಮಾಧಾನಪಡಿಸುವ ಹೊಣೆಯನ್ನು ತಾವೇ ಹೊತ್ತುಕೊಂಡು ತಮ್ಮ ನೋವನ್ನು ಮುಚ್ಚಿಡುವ ಸಂಭವವಿದೆ.

ಮಕ್ಕಳು: ಮಕ್ಕಳ ಸ್ವಭಾವ ಇನ್ನೂ ರೂಪುಗೊಳ್ಳುತ್ತಿರುತ್ತದೆ. ಮಾತಿನ ಬದಲು ಆಟದಲ್ಲಿ, ಚಿತ್ರದಲ್ಲಿ, ಹಾಸಿಗೆ ಒದ್ದೆ ಮಾಡುವುದರಲ್ಲಿ, ಶಾಲೆಗೆ ಹೋಗಲು ನಿರಾಕರಿಸುವುದರಲ್ಲಿ ಅವರ ಭಯ ಕಾಣಿಸಿಕೊಳ್ಳುತ್ತದೆ. ಇದಕ್ಕಾಗಿ ಅವರನ್ನು ಗದರಿಸಬಾರದು.

8. ಮನೆಯವರು ಮತ್ತು ನೆರೆಹೊರೆಯವರು ಮಾಡಬಹುದಾದದ್ದು

ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ನೋಡುವುದು, ಆಲಿಸುವುದು, ಜೋಡಿಸುವುದು ಎಂಬ ಮೂರು ಹಂತಗಳನ್ನು ಹೇಳಿದೆ. ಅಂದರೆ ಯಾರಿಗೆ ತುರ್ತು ಅಗತ್ಯವಿದೆ ಎಂದು ನೋಡುವುದು, ಹೇಳಿದ್ದನ್ನು ಅಡ್ಡಿಪಡಿಸದೆ ಆಲಿಸುವುದು, ಅಗತ್ಯ ಸೇವೆ ಮತ್ತು ಬಂಧುಗಳೊಂದಿಗೆ ಅವರನ್ನು ಜೋಡಿಸುವುದು. ಇದಕ್ಕೆ ವೈದ್ಯ ಪದವಿ ಬೇಕಿಲ್ಲ.

“ಮರೆತುಬಿಡಿ”, “ಗಂಡಸಾಗಿ ಅಳುವುದೇ”, “ನಿಮ್ಮವರು ಯಾರೂ ಹೋಗಲಿಲ್ಲವಲ್ಲ” ಎಂಬ ಮಾತುಗಳನ್ನು ಆಡಬಾರದು. ಕೊನೆಯ ಮಾತು ವಿಶೇಷವಾಗಿ ನೋಯಿಸುತ್ತದೆ. ತಮ್ಮವರನ್ನು ಕಳೆದುಕೊಳ್ಳದವರಿಗೆ ದುಃಖಿಸುವ ಹಕ್ಕಿಲ್ಲವೆಂಬ ಅರ್ಥ ಅದರಲ್ಲಿದೆ.

ಈ ಜಿಲ್ಲೆಯಲ್ಲಿ ಭಯ ಹೊಕ್ಕವರನ್ನು ದೈವಸ್ಥಾನಕ್ಕೆ, ದೇವಸ್ಥಾನಕ್ಕೆ, ಮಸೀದಿಗೆ, ಇಗರ್ಜಿಗೆ ಕರೆದೊಯ್ಯುವ ರೂಢಿಯಿದೆ. ಅಲ್ಲಿ ದೊರೆಯುವ ಧೈರ್ಯ ಮತ್ತು ಜನರ ಸಾಂಗತ್ಯವು ಉಪಯುಕ್ತವೇ. ಆದರೆ ಲಕ್ಷಣಗಳು ಒಂದು ತಿಂಗಳು ಮೀರಿದಲ್ಲಿ ಅದರೊಂದಿಗೆ ವೈದ್ಯರನ್ನೂ ಕಾಣಬೇಕು. ಒಂದಕ್ಕಾಗಿ ಮತ್ತೊಂದನ್ನು ಬಿಡುವ ಅಗತ್ಯವಿಲ್ಲ.

9. ನೆರವು ಪಡೆಯುವ ವಿಧಾನ

(ಅ) ಟೆಲಿ ಮಾನಸ್ ದೂರವಾಣಿ ಸೇವೆ: ಸಂಖ್ಯೆ 14416. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ಸೇವೆಯು ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲಿ ಮಾತನಾಡಬಹುದಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಪ್ರಧಾನ ಕೇಂದ್ರವಾಗಿರುತ್ತದೆ. 1981ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಂಭವಿಸಿದ ವೀನಸ್ ಸರ್ಕಸ್ ಬೆಂಕಿ ದುರಂತದಲ್ಲಿ ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಶೋಕವನ್ನು ಅಧ್ಯಯನ ಮಾಡಿದ್ದು ಇದೇ ಸಂಸ್ಥೆಯ ತಜ್ಞರು. ಭೋಪಾಲ್ ಅನಿಲ ದುರಂತದಿಂದ ಸುನಾಮಿಯವರೆಗೆ ದೇಶದ ಅನೇಕ ವಿಪತ್ತುಗಳಲ್ಲಿ ಈ ಸಂಸ್ಥೆಯು ಕೆಲಸ ಮಾಡಿದೆ.

(ಆ) ಸರ್ಕಾರಿ ಆಸ್ಪತ್ರೆ: ಮಂಗಳೂರಿನಲ್ಲಿ ಜಿಲ್ಲಾ ವೆನ್ಲಾಕ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವನ್ನು ಸಂಪರ್ಕಿಸಬಹುದು. ಇತರ ಊರುಗಳವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆಯ ಬಗ್ಗೆ ವಿಚಾರಿಸತಕ್ಕದ್ದು.

(ಇ) ತುರ್ತು ಸಂದರ್ಭ: ಸಾಯಬೇಕೆಂಬ ಆಲೋಚನೆ, ತನಗೆ ಅಥವಾ ಇತರರಿಗೆ ಅಪಾಯ ಮಾಡಿಕೊಳ್ಳುವ ಸೂಚನೆ ಕಂಡುಬಂದಲ್ಲಿ ಒಂದು ತಿಂಗಳು ಕಾಯಬಾರದು. ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಕೂಡಲೇ 112 ಅಥವಾ 14416ಕ್ಕೆ ಕರೆ ಮಾಡಬೇಕು, ಇಲ್ಲವೇ ಆಸ್ಪತ್ರೆಗೆ ಕರೆತರಬೇಕು.

ಚಿಕಿತ್ಸೆಯು ಮುಖ್ಯವಾಗಿ ತರಬೇತಿ ಪಡೆದ ತಜ್ಞರೊಡನೆ ಕೆಲವು ವಾರಗಳ ಮಾತುಕತೆಯ ರೂಪದಲ್ಲಿರುತ್ತದೆ. ಅಗತ್ಯವಿದ್ದಲ್ಲಿ ಔಷಧವನ್ನೂ ನೀಡಲಾಗುತ್ತದೆ. ಅಂಗಡಿಯಿಂದ ತಾವಾಗಿಯೇ ನಿದ್ರೆಮಾತ್ರೆ ತಂದು ಸೇವಿಸಬಾರದು. ಘಟನೆಯ ಮೊದಲ ತಿಂಗಳಲ್ಲಿ ಆಘಾತದ ಲಕ್ಷಣಗಳಿಗಾಗಿ ಬೆಂಜೋಡಯಜೆಪಿನ್ ವರ್ಗದ ನಿದ್ರಾಜನಕ ಮಾತ್ರೆಗಳನ್ನು ನೀಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಸೂಚಿಸಿದೆ.

10. ನಾಗರಿಕರಿಗೆ ಉದ್ಭವಿಸಬಹುದಾದ ಪ್ರಶ್ನೆಗಳು

ಪ್ರಶ್ನೆ: ದುರಂತವನ್ನು ನೋಡಿದ್ದೇನೆ ಎಂಬುದಕ್ಕೆ ಪ್ರಮಾಣಪತ್ರ ಬೇಕೇ?
ಉತ್ತರ: ಅಗತ್ಯವಿಲ್ಲ. ಮಾನಸಿಕ ಆರೋಗ್ಯ ಸೇವೆಯನ್ನು ಪಡೆಯಲು ಮೃತರೊಂದಿಗಿನ ಸಂಬಂಧವನ್ನಾಗಲಿ, ಸ್ಥಳದಲ್ಲಿ ಇದ್ದುದನ್ನಾಗಲಿ ರುಜುವಾತುಪಡಿಸಬೇಕಾಗಿಲ್ಲ. ತೊಂದರೆ ಇರುವುದೇ ಸಾಕಾದ ಕಾರಣ.

ಪ್ರಶ್ನೆ: ಬಿಪಿಎಲ್ ಕಾರ್ಡ್ ಇಲ್ಲದ ಬಡವರಿಗೆ ಉಚಿತ ಚಿಕಿತ್ಸೆ ದೊರೆಯುವುದೇ?
ಉತ್ತರ: ದೊರೆಯುತ್ತದೆ. ಮಾನಸಿಕ ಆರೋಗ್ಯ ಸೇವೆ ಅಧಿನಿಯಮ, 2017ರ ಪ್ರಕರಣ 18ರಂತೆ ಬಡತನ ರೇಖೆಗಿಂತ ಕೆಳಗಿರುವ ಮಾನಸಿಕ ಅಸ್ವಸ್ಥರು, ಕಾರ್ಡ್ ಇರಲಿ ಇಲ್ಲದಿರಲಿ, ಸರ್ಕಾರದ ಅಥವಾ ಸರ್ಕಾರದ ಅನುದಾನದ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಹಕ್ಕುಳ್ಳವರಾಗಿರುತ್ತಾರೆ.

ಪ್ರಶ್ನೆ: ಮನೋವೈದ್ಯರನ್ನು ಕಂಡರೆ ‘ಬುದ್ಧಿಭ್ರಮಣೆ’ ಎಂದು ದಾಖಲಾಗುವುದೇ?
ಉತ್ತರ: ಇಲ್ಲ. ಮಾನಸಿಕ ಕಾಯಿಲೆ ಇದೆಯೆಂದು ನಿರ್ಧಾರವಾದ ಮಾತ್ರಕ್ಕೆ, ಸಕ್ಷಮ ನ್ಯಾಯಾಲಯವು ಘೋಷಿಸದ ಹೊರತು, ವ್ಯಕ್ತಿಯನ್ನು ಅಸ್ವಸ್ಥಚಿತ್ತನೆಂದು ಭಾವಿಸತಕ್ಕದ್ದಲ್ಲ ಎಂದು ಸದರಿ ಅಧಿನಿಯಮದ ಪ್ರಕರಣ 3ರಲ್ಲಿ ಹೇಳಿದೆ. ಪ್ರಕರಣ 23ರಂತೆ ಚಿಕಿತ್ಸೆಯ ವಿವರಗಳ ಗೋಪ್ಯತೆಗೂ ರೋಗಿಗೆ ಹಕ್ಕಿದೆ.

ಪ್ರಶ್ನೆ: ಆರೋಗ್ಯ ವಿಮೆಯಲ್ಲಿ ಈ ಚಿಕಿತ್ಸೆ ಸೇರುತ್ತದೆಯೇ?
ಉತ್ತರ: ದೈಹಿಕ ಕಾಯಿಲೆಗಳಿಗೆ ಇರುವಂತೆಯೇ ಮಾನಸಿಕ ಕಾಯಿಲೆಗಳ ಚಿಕಿತ್ಸೆಗೂ ವಿಮಾ ಸೌಲಭ್ಯ ಒದಗಿಸಬೇಕೆಂದು ಪ್ರಕರಣ 21ರಲ್ಲಿ ವಿಮಾದಾರರಿಗೆ ವಿಧಿಸಲಾಗಿದೆ. ಪಾಲಿಸಿಯ ಷರತ್ತುಗಳನ್ನು ಓದಿ ನೋಡುವುದು ಸೂಕ್ತ.

ಪ್ರಶ್ನೆ: ಹಲವು ವರ್ಷಗಳು ಕಳೆದಿವೆ. ಈಗ ಹೋಗಬಹುದೇ?
ಉತ್ತರ: ಹೋಗಬಹುದು. ಕಾಲಮಿತಿ ಇರುವುದಿಲ್ಲ. ವರ್ಷಗಳ ನಂತರ ಚಿಕಿತ್ಸೆ ಆರಂಭಿಸಿದವರೂ ಗುಣಮುಖರಾಗುತ್ತಾರೆ.

11. ವಾರ್ಷಿಕ ದಿನದ ಬಗ್ಗೆ ಒಂದು ಸೂಚನೆ

ದುರಂತದ ದಿನಾಂಕವು ಪ್ರತಿ ವರ್ಷ ಹತ್ತಿರವಾದಾಗ ಅಡಗಿದ್ದ ಲಕ್ಷಣಗಳು ಮರುಕಳಿಸುವುದುಂಟು. ಮಳೆಗಾಲ ಆರಂಭವಾಗುವ ಮುನ್ನಿನ ದಿನಗಳು ಬಂದಾಗ ಕಾರಣ ತಿಳಿಯದೆ ಮನಸ್ಸು ಕದಡಿದಂತಾದರೆ ಅದನ್ನು ಹೊಸ ಕಾಯಿಲೆಯೆಂದು ಗಾಬರಿಗೊಳ್ಳಬೇಕಾಗಿಲ್ಲ. ಕೂಳೂರು ಬಳಿಯ ತಣ್ಣೀರುಬಾವಿಯಲ್ಲಿ, ಫಲ್ಗುಣಿ ನದಿಯ ದಡದಲ್ಲಿ, ಗುರುತು ಸಿಗದ ಆ 12 ಮಂದಿಯ ನೆನಪಿನ ಸ್ಮಾರಕವಿದೆ. ಅಲ್ಲಿಗೆ ಭೇಟಿ ನೀಡಲು ಮೃತರ ಬಂಧುವಾಗಿರಬೇಕೆಂಬ ನಿಯಮವಿಲ್ಲ. ಅಂದು ಕಣಿವೆಗೆ ಇಳಿದವರು, ಶವಾಗಾರದಲ್ಲಿ ದುಡಿದವರು ಕೂಡ ಅಲ್ಲಿ ಹೂವಿಟ್ಟು ಬರಬಹುದು. ಹೋಗಲು ಮನಸ್ಸಿಲ್ಲದವರು ಹೋಗದಿರುವುದೂ ಸರಿಯೇ.

2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತವನ್ನು, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಕುಸಿತವನ್ನು ಕಂಡವರಿಗೂ ಮೇಲ್ಕಂಡ ವಿವರಗಳೆಲ್ಲ ಅನ್ವಯಿಸುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲವೆಂಬ ಕಾರಣದಿಂದಾಗಲಿ, ಸ್ವಭಾವ ದುರ್ಬಲವೆಂದು ಜನರು ತಿಳಿದಾರೆಂಬ ಸಂಕೋಚದಿಂದಾಗಲಿ ಯಾರೂ ನೆರವಿನಿಂದ ದೂರ ಉಳಿಯಬಾರದೆಂದು, ನೆರೆಯಲ್ಲಿ ಇಂತಹವರಿದ್ದಲ್ಲಿ ಅವರಿಗೂ ಈ ಮಾಹಿತಿಯನ್ನು ತಲುಪಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.